ಪ್ರಿಆಂಪ್ ಎಷ್ಟು ಇಳಿಸಬೇಕು? ಹೆಡ್‌ಫೋನ್ ಈಕ್ವಲೈಜರ್ ಹೊಂದಿಸುವವರಿಗೆ ಒಂದು ಹೋಲಿಕೆ

ಕೆಲವು ವರ್ಷಗಳ ಹಿಂದೆ ನನ್ನ ಹೆಡ್‌ಫೋನ್ ಕೆಟ್ಟುಹೋಯಿತು ಅಂದುಕೊಂಡು ರಿಪೇರಿ ಅಂಗಡಿಗೆ ಹೋಗಿದ್ದೆ. ಒಂದು ಕರ್ನಾಟಕ ಸಂಗೀತ ಕಚೇರಿಯ ಧ್ವನಿಮುದ್ರಣ ಕೇಳುತ್ತಿದ್ದೆ. ತನಿ ಆವರ್ತನದಲ್ಲಿ, ಅಂದರೆ ತಾಳವಾದ್ಯದವರು ಮಾತ್ರ ನುಡಿಸುವ ಭಾಗದಲ್ಲಿ, ಮೃದಂಗದ ಎಡಗೈ ಪೆಟ್ಟು ಬಿದ್ದಾಗಲೆಲ್ಲ 'ಗುಂ' ಅನ್ನಬೇಕಾದ ಕಡೆ ಒಣಗಿದ ತರಗೆಲೆ ತುಳಿದಂತೆ 'ಪರ್' ಅನ್ನುತ್ತಿತ್ತು. ಅಂಗಡಿಯವರು ಅದನ್ನು ತಮ್ಮ ಮೊಬೈಲಿಗೆ ಸಿಕ್ಕಿಸಿ ಅದೇ ಮುದ್ರಣ ಹಾಕಿದರು. ಧ್ವನಿ ತಿಳಿಯಾಗಿತ್ತು. "ಸರ್, ಇದಕ್ಕೇನೂ ಆಗಿಲ್ಲ. ನಿಮ್ಮ ಫೋನ್‌ನಲ್ಲೇ ಏನೋ ಸೆಟ್ಟಿಂಗ್ ಇದೆ, ನೋಡಿ" ಅಂದರು. ಇತ್ತು. ಧ್ವನಿಯ ತಗ್ಗಿನ, ಮೇಲಿನ ಭಾಗಗಳನ್ನು ಬೇರೆ ಬೇರೆಯಾಗಿ ಏರಿಸಿ ಇಳಿಸುವ ಈಕ್ವಲೈಜರ್‌ನಲ್ಲಿ ಬೇಸ್ (ತಗ್ಗಿನ ಧ್ವನಿ) ಕಡೆಯ ಸ್ಲೈಡರ್‌ಗಳನ್ನು 7 ಡೆಸಿಬಲ್ ಏರಿಸಿದ್ದೆ. ಅದರ ಪಕ್ಕದಲ್ಲೇ ಇದ್ದ, ಇಡೀ ಧ್ವನಿಯ ಮಟ್ಟವನ್ನು ಒಟ್ಟಿಗೆ ಏರಿಸಿ ಇಳಿಸುವ ಪ್ರಿಆಂಪ್ ಅನ್ನು ಮುಟ್ಟಿಯೇ ಇರಲಿಲ್ಲ.

ಈಕ್ವಲೈಜರ್ ಬಗ್ಗೆ ಮಾತಾಡುವಾಗ ಎಲ್ಲರೂ ಬೇಸ್ ಎಷ್ಟು, ಟ್ರೆಬಲ್ (ಮೇಲಿನ ಧ್ವನಿ) ಎಷ್ಟು ಅಂತ ಕೇಳುತ್ತಾರೆ. ಪ್ರಿಆಂಪ್ ಎಷ್ಟು ಅಂತ ಕೇಳುವವರು ಕಡಿಮೆ. ನನ್ನ ಅನುಭವದಲ್ಲಿ ಮೊದಲು ತೀರ್ಮಾನ ಆಗಬೇಕಾದದ್ದು ಅದೇ. ಅದು ಸರಿಯಿಲ್ಲದಿದ್ದರೆ ಉಳಿದ ಯಾವ ಆಯ್ಕೆಯನ್ನೂ ನ್ಯಾಯವಾಗಿ ಹೋಲಿಸಿ ನೋಡಲು ಆಗುವುದಿಲ್ಲ.

ಪಾತ್ರೆಯ ಕಂಠ

ಡಿಜಿಟಲ್ ಆಡಿಯೋದಲ್ಲಿ ಅತಿ ಎತ್ತರದ ಮಟ್ಟಕ್ಕೆ 0 ಡೆಸಿಬಲ್ ಅನ್ನುತ್ತಾರೆ. ಉಳಿದ ಧ್ವನಿಯೆಲ್ಲ ಅದರ ಕೆಳಗೆ, ಮೈನಸ್ ಲೆಕ್ಕದಲ್ಲಿ. ಇದನ್ನು ಹಾಲಿನ ಪಾತ್ರೆಯ ಕಂಠ ಅಂದುಕೊಳ್ಳಿ. ಈಗಿನ ಚಿತ್ರಗೀತೆಗಳನ್ನು ಸ್ಟುಡಿಯೋದಲ್ಲೇ ಕಂಠಮಟ್ಟ ತುಂಬಿಸಿ ಕಳಿಸುತ್ತಾರೆ. ಅದರ ಮೇಲೆ ನಾವು ಬೇಸ್ ಅನ್ನು 6 ಡೆಸಿಬಲ್ ಏರಿಸಿದರೆ ಆ ಭಾಗದ ಅಲೆಯ ಎತ್ತರ ಎರಡರಷ್ಟಾಗುತ್ತದೆ. ಹಾಲಾದರೆ ಉಕ್ಕಿ ಒಲೆ ಮೇಲೆ ಚೆಲ್ಲುತ್ತದೆ. ಧ್ವನಿಗೆ ಚೆಲ್ಲಲು ಜಾಗವಿಲ್ಲ, ಅಲೆಯ ತಲೆ ಚಪ್ಪಟೆಯಾಗಿ ಕತ್ತರಿಸಿಹೋಗುತ್ತದೆ. ಇದೇ ಕ್ಲಿಪ್ಪಿಂಗ್. ಮೃದಂಗ, ತಬಲಾ, ಚಂಡೆಯಂತಹ ಪೆಟ್ಟಿನ ವಾದ್ಯಗಳಲ್ಲಿ ಇದು ಬೇಗ ಕಿವಿಗೆ ಬೀಳುತ್ತದೆ, ಯಾಕೆಂದರೆ ಅವುಗಳ ಅಲೆ ಒಂದೇ ಕ್ಷಣಕ್ಕೆ ಎತ್ತರಕ್ಕೆ ಹಾರುತ್ತದೆ. ಇಡೀ ಹಾಡೇ ಜೋರಾಗಿದ್ದರೆ ಒಡಕು ಬೇರೆಯಾಗಿ ಕೇಳಿಸುವುದಿಲ್ಲ. ಸುಮ್ನೆ ಒಂಥರಾ ಬಿಗಿ, ದಣಿವು. ಅರ್ಧ ಗಂಟೆ ಆಗುವಷ್ಟರಲ್ಲಿ ಹೆಡ್‌ಫೋನ್ ತೆಗೆದಿಡಬೇಕು ಅನ್ನಿಸುತ್ತದೆ.

ಪ್ರಿಆಂಪ್ ಹೆಸರಿಗೆ ಆಂಪ್ಲಿಫೈಯರ್. ಈಕ್ವಲೈಜರ್ ಒಳಗೆ ಅದರ ಕೆಲಸ ಮಾತ್ರ ಹೆಚ್ಚಾಗಿ ಇಳಿಸುವುದೇ. ಹಾಲು ಉಕ್ಕುವ ಮುಂಚೆ ಪಾತ್ರೆಯಲ್ಲಿ ಜಾಗ ಮಾಡಿಕೊಡುವುದು. ಎಷ್ಟು ಜಾಗ ಅನ್ನುವುದರಲ್ಲಿ ನಾಲ್ಕು ದಾರಿಗಳಿವೆ.

ಸೊನ್ನೆಯಲ್ಲೇ ಬಿಡುವುದು

ಇದು ಸರಿಯಾಗುವುದು ಒಂದೇ ಸಂದರ್ಭದಲ್ಲಿ. ನಿಮ್ಮ ಈಕ್ವಲೈಜರ್‌ನಲ್ಲಿ ಎಲ್ಲವೂ ಇಳಿಕೆಯೇ ಆಗಿರಬೇಕು, ಒಂದು ಕಡೆಯೂ ಏರಿಕೆ ಇರಬಾರದು. ಹೆಡ್‌ಫೋನ್ ಕಿವಿಗೆ ಚುಚ್ಚುತ್ತದೆ, 6000 ಹರ್ಟ್ಸ್ (ಸೆಕೆಂಡಿಗೆ 6000 ಕಂಪನ) ಹತ್ತಿರ 4 ಡೆಸಿಬಲ್ ಇಳಿಸಿದ್ದೀರಿ, ಮತ್ತೇನೂ ಮಾಡಿಲ್ಲ ಅನ್ನಿ. ಆಗ ಪ್ರಿಆಂಪ್ ಮುಟ್ಟಬೇಕಾಗಿಲ್ಲ. ಏರಿಕೆ ಇದ್ದೂ ಸೊನ್ನೆಯಲ್ಲಿ ಬಿಟ್ಟರೆ ಯಾವತ್ತೋ ಒಂದು ದಿನ ಒಡಕು ಬಂದೇ ಬರುತ್ತದೆ. "ನನಗೆ ಕೇಳಿಸ್ತಿಲ್ವಲ್ಲ" ಅನ್ನುವವರು ಒಂದು ಪಿಯಾನೋ ಅಥವಾ ಮೃದಂಗದ ಮುದ್ರಣ ಹಾಕಿ ನೋಡಲಿ.

ಇಲ್ಲಿ ಒಂದು ಗೊಂದಲ ತಿಳಿಸಿಬಿಡುತ್ತೇನೆ. ಕಂಪ್ಯೂಟರಿನ ವಿಎಲ್‌ಸಿ ಪ್ಲೇಯರ್‌ನಲ್ಲಿ ಈಕ್ವಲೈಜರ್ ತೆರೆದು ಫ್ಲಾಟ್ (ಏರಿಕೆ ಇಳಿಕೆ ಏನೂ ಇಲ್ಲದ್ದು) ಆರಿಸಿದರೆ ಪ್ರಿಆಂಪ್ 12 ಡೆಸಿಬಲ್ ಎಂದು ತೋರಿಸುತ್ತದೆ. ನೋಡಿದವರು ಗಾಬರಿಯಾಗುತ್ತಾರೆ. ಆ ಪ್ಲೇಯರ್ ಒಳಗೆ ಧ್ವನಿಯನ್ನು ಮೊದಲೇ ಸುಮಾರು 12 ಡೆಸಿಬಲ್ ಇಳಿಸಿಕೊಂಡು ಆಮೇಲೆ ಲೆಕ್ಕ ಮಾಡುತ್ತದೆ. ಹಾಗಾಗಿ ಅಲ್ಲಿನ 12 ಅಂದರೆ ಬೇರೆ ಕಡೆಯ ಸೊನ್ನೆ. ಅಲ್ಲಿ 6 ಡೆಸಿಬಲ್ ಜಾಗ ಬೇಕಿದ್ದರೆ ಪ್ರಿಆಂಪ್ ಅನ್ನು 6ಕ್ಕೆ ತರಬೇಕು.

ಪೂರ್ತಿ ಇಳಿಸುವುದು

ನಾನು ಆರಿಸಿಕೊಂಡಿರುವುದು ಇದನ್ನೇ. ನಿಯಮ ಸರಳ. ಈಕ್ವಲೈಜರ್ ಗೆರೆಯ (ಎಲ್ಲ ಏರಿಕೆ ಇಳಿಕೆ ಸೇರಿ ಪರದೆ ಮೇಲೆ ಮೂಡುವ ಗೆರೆಯ) ಅತಿ ಎತ್ತರದ ಜಾಗ ಎಷ್ಟು ಡೆಸಿಬಲ್ ಇದೆಯೋ ಅಷ್ಟನ್ನು ಪ್ರಿಆಂಪ್‌ನಲ್ಲಿ ಇಳಿಸಿ. ಮೇಲೆ ಅರ್ಧದಿಂದ 1 ಡೆಸಿಬಲ್ ಜಾಸ್ತಿ ಇಳಿಸಿ. ಆ ಒಂದು ಡೆಸಿಬಲ್ ಯಾಕೆ ಅಂದರೆ, ಡಿಜಿಟಲ್ ಫೈಲ್‌ನಲ್ಲಿ ಇರುವುದು ಬಿಡಿ ಬಿಡಿ ಬಿಂದುಗಳು. ಅವು ಮತ್ತೆ ಅಲೆಯಾಗಿ ಬದಲಾಗುವಾಗ ಎರಡು ಬಿಂದುಗಳ ನಡುವೆ ಅಲೆ ಇನ್ನಷ್ಟು ಎತ್ತರಕ್ಕೆ ಏಳಬಹುದು.

ಬಹಳ ಜನ ತಪ್ಪುವುದು ಇಲ್ಲಿ. ಅತಿ ಎತ್ತರದ ಸ್ಲೈಡರ್ ನೋಡಿದರೆ ಸಾಲದು, ಗೆರೆ ನೋಡಬೇಕು. ಉದಾಹರಣೆಗೆ, 105 ಹರ್ಟ್ಸ್‌ನಲ್ಲಿ ಒಂದು ಲೋ ಶೆಲ್ಫ್ ಹಾಕಿದ್ದೀರಿ. ಅಂದರೆ ಅದಕ್ಕಿಂತ ಕೆಳಗಿನದೆಲ್ಲ ಮೆಟ್ಟಿಲಿನ ಹಾಗೆ 5 ಡೆಸಿಬಲ್ ಏರುತ್ತದೆ. ಇನ್ನೂ ಸ್ವಲ್ಪ ಗುಂಗು ಬೇಕು ಅಂತ 60 ಹರ್ಟ್ಸ್‌ನಲ್ಲಿ 2 ಡೆಸಿಬಲ್ ಏರಿಸಿದಿರಿ. ದೊಡ್ಡ ಸಂಖ್ಯೆ 5, ಹಾಗಾಗಿ ಪ್ರಿಆಂಪ್ ಮೈನಸ್ 5 ಸಾಕು ಅನ್ನಿಸುತ್ತದೆ. ಆದರೆ 60 ಹರ್ಟ್ಸ್‌ನಲ್ಲಿ ಎರಡೂ ಒಂದರ ಮೇಲೊಂದು ಕೂತಿವೆ. ಅಲ್ಲಿ ಒಟ್ಟು ಏರಿಕೆ ಸುಮಾರು 6.5. ಬೇಕಾದದ್ದು ಮೈನಸ್ 7ರಿಂದ 7.5. ವಿಂಡೋಸ್‌ನ ಈಕ್ವಲೈಜರ್ ಎಪಿಒ ಸಾಫ್ಟ್‌ವೇರಿನ ಎಡಿಟರ್‌ನಲ್ಲಿ ಈ ಒಟ್ಟು ಎತ್ತರವನ್ನು ಅದೇ ಲೆಕ್ಕ ಹಾಕಿ ತೋರಿಸುತ್ತದೆ. ಸೊನ್ನೆ ದಾಟಿದರೆ ಕೆಂಪಾಗುತ್ತದೆ. ಗೆರೆ ಕಾಣದ ಆಪ್‌ಗಳಲ್ಲಿ ಅಕ್ಕಪಕ್ಕದ ಸ್ಲೈಡರ್‌ಗಳನ್ನು ಏರಿಸಿದ್ದರೆ 2 ಡೆಸಿಬಲ್ ಜಾಸ್ತಿಯೇ ಇಳಿಸಿಕೊಳ್ಳಿ.

"ಇಳಿಸಿದರೆ ಗುಣಮಟ್ಟ ಹಾಳಾಗಲ್ವಾ?" ಎಂಬ ಪ್ರಶ್ನೆ ಬರುತ್ತದೆ. ನನಗೂ ಈ ಭಯ ಇತ್ತು. ಲೆಕ್ಕ ಹೀಗಿದೆ. ಡಿಜಿಟಲ್ ಧ್ವನಿಯ ಎತ್ತರವನ್ನು ಬಿಟ್‌ಗಳಲ್ಲಿ ಬರೆದಿಡುತ್ತಾರೆ, ಒಂದು ಬಿಟ್ ಅಂದರೆ ಸುಮಾರು 6 ಡೆಸಿಬಲ್. ಸಿಡಿಯ 16 ಬಿಟ್‌ಗೆ ಸುಮಾರು 96 ಡೆಸಿಬಲ್ ಹರವು (ಅತಿ ಮೆತ್ತಗಿನದರಿಂದ ಅತಿ ಜೋರಿನವರೆಗೆ) ಸಿಗುತ್ತದೆ, 24 ಬಿಟ್‌ಗೆ 144. ವಿಂಡೋಸ್ ಒಳಗೆ ಧ್ವನಿಯ ಲೆಕ್ಕ ನಡೆಯುವುದು 32 ಬಿಟ್ ಫ್ಲೋಟ್‌ನಲ್ಲಿ. ಔಟ್‌ಪುಟ್ ಅನ್ನು 24 ಬಿಟ್‌ಗೆ ಇಟ್ಟುಕೊಂಡು 7 ಡೆಸಿಬಲ್ ಇಳಿಸಿದರೆ ಹೋಗುವುದು ಒಂದು ಬಿಟ್‌ಗಿಂತ ಸ್ವಲ್ಪ ಹೆಚ್ಚು. ಉಳಿದ 22 ಬಿಟ್‌ಗಿಂತ ಹೆಚ್ಚಿನ ಹರವು ಯಾವ ಕಚೇರಿಗೂ, ಯಾವ ಕಿವಿಗೂ ಸಾಕು. 16 ಬಿಟ್‌ನಲ್ಲೇ ಕೇಳಿದರೂ ಮನೆಯ ಫ್ಯಾನಿನ ಸದ್ದು ಆ ವ್ಯತ್ಯಾಸವನ್ನು ಮುಚ್ಚಿಬಿಡುತ್ತದೆ.

ನಿಜವಾದ ತೊಂದರೆ ಬೇರೆಯದು. ಧ್ವನಿ ಸಣ್ಣದಾಗುತ್ತದೆ. ಅದನ್ನು ವಾಲ್ಯೂಮ್ ಏರಿಸಿ ಸರಿ ಮಾಡಬೇಕು. ಹೆಚ್ಚಿನ ಇಯರ್‌ಫೋನ್‌ಗಳಿಗೆ ಮೊಬೈಲ್‌ನಲ್ಲೇ ಬೇಕಾದಷ್ಟು ವಾಲ್ಯೂಮ್ ಉಳಿದಿರುತ್ತದೆ. ಕಷ್ಟವಾಗುವುದು ಹೆಚ್ಚು ವೋಲ್ಟ್ ಬೇಡುವ ಕೆಲವು ದೊಡ್ಡ ಹೆಡ್‌ಫೋನ್‌ಗಳಿಗೆ. 300 ಓಮ್‌ನ ಸೆನ್‌ಹೈಸರ್ ಎಚ್‌ಡಿ 600 ತೆಗೆದುಕೊಳ್ಳಿ. 1 ವೋಲ್ಟ್ ಕೊಟ್ಟರೆ ಅದು 97 ಡೆಸಿಬಲ್ ಸದ್ದು ಮಾಡುತ್ತದೆ ಎಂದು ಕಂಪನಿಯ ವಿವರದಲ್ಲಿದೆ (ಇದು ಕಿವಿಗೆ ತಲುಪುವ ಸದ್ದಿನ ಅಳತೆ, ಮೇಲಿನ ಮೈನಸ್ ಲೆಕ್ಕವಲ್ಲ). ಫೋನ್‌ಗೂ ಹೆಡ್‌ಫೋನ್‌ಗೂ ನಡುವೆ ಸಿಕ್ಕಿಸುವ ಸಣ್ಣ ಡಾಂಗಲ್‌ಗಳು ಸಾಮಾನ್ಯವಾಗಿ ಕೊಡುವುದು ಆ 1 ವೋಲ್ಟ್ ಆಸುಪಾಸು. ಪ್ರಿಆಂಪ್‌ನಲ್ಲಿ 7 ಇಳಿಸಿದರೆ ಅತಿ ಜೋರಿನ ಕ್ಷಣಕ್ಕೂ ಸಿಗುವುದು 90. ಹಾಡಿನ ಸರಾಸರಿ ಅದಕ್ಕಿಂತ ತುಂಬಾ ಕೆಳಗೆ ಇರುತ್ತದೆ. ಆಲಾಪನೆ ಪಿಸುಮಾತಿನಂತೆ ಕೇಳಿಸಬಹುದು. ಇಂಥವರು ಪ್ರಿಆಂಪ್ ಏರಿಸಬಾರದು. 2 ವೋಲ್ಟ್ ಅಥವಾ ಹೆಚ್ಚು ಕೊಡುವ ಆಂಪ್ಲಿಫೈಯರ್ ತೆಗೆದುಕೊಳ್ಳಬೇಕು. ವೋಲ್ಟ್ ಎರಡರಷ್ಟಾದರೆ 6 ಡೆಸಿಬಲ್ ವಾಪಸ್ ಬರುತ್ತದೆ.

ಅರ್ಧ ಇಳಿಸುವುದು

ಕೆಲವರು 6 ಡೆಸಿಬಲ್ ಏರಿಸಿ 3 ಮಾತ್ರ ಇಳಿಸುತ್ತಾರೆ. ಎಲ್ಲ ಹಾಡಿನಲ್ಲೂ ಬೇಸ್ ಕಂಠಮಟ್ಟ ಇರುವುದಿಲ್ಲ ಅನ್ನುವುದು ಅವರ ವಾದ. ಅದರಲ್ಲಿ ಹುರುಳಿದೆ. ಸ್ಟ್ರೀಮಿಂಗ್ ಆಪ್‌ನಲ್ಲಿ ಕೇಳುವವರಿಗೆ ಇನ್ನೊಂದು ಸಹಾಯವೂ ಇದೆ. ಸ್ಪಾಟಿಫೈ ತನ್ನ ಮಾಮೂಲಿ ಸೆಟ್ಟಿಂಗ್‌ನಲ್ಲಿ ಹಾಡುಗಳ ಜೋರನ್ನು ಮೈನಸ್ 14 ಎಲ್‌ಯುಎಫ್‌ಎಸ್ (ಹಾಡಿನ ಸರಾಸರಿ ಜೋರಿನ ಅಳತೆ) ಎಂಬ ಮಟ್ಟಕ್ಕೆ ಸಮ ಮಾಡುತ್ತದೆ. ಮೈನಸ್ 8ರಷ್ಟು ಜೋರಾಗಿ ಮಾಸ್ಟರ್ ಆದ ಹೊಸ ಚಿತ್ರಗೀತೆಯನ್ನು ಅದು ತಾನೇ 6 ಡೆಸಿಬಲ್ ಇಳಿಸಿ ಕೊಡುತ್ತದೆ. ಪಾತ್ರೆಯಲ್ಲಿ ಜಾಗ ಆಗಲೇ ಆಗಿರುತ್ತದೆ.

ಆದರೆ ಶಾಸ್ತ್ರೀಯ ಸಂಗೀತ ಕೇಳುವವರು ಇದನ್ನು ನಂಬಿ ಕೂರಬಾರದು. ಕಚೇರಿಯ ಮುದ್ರಣ ಸರಾಸರಿಯಲ್ಲಿ ಮೆತ್ತಗಿರುತ್ತದೆ, ಪೆಟ್ಟುಗಳು ಮಾತ್ರ ಎತ್ತರಕ್ಕೆ ಹಾರುತ್ತವೆ. ಸರಾಸರಿ ಕಡಿಮೆ ಇರುವುದರಿಂದ ಆಪ್ ಅದನ್ನು ಇಳಿಸುವುದಿಲ್ಲ, ಬದಲಿಗೆ ಸ್ವಲ್ಪ ಏರಿಸಲೂಬಹುದು. ಅಂದರೆ ಜೋರಿನ ಹಾಡಿಗೆ ಜಾಗ ಸಿಗುತ್ತದೆ, ಮೆತ್ತಗಿನ ಕಚೇರಿಗೆ ಸಿಗುವುದಿಲ್ಲ. ಇದು ನಾವು ಅಂದುಕೊಳ್ಳುವುದಕ್ಕೆ ಪೂರ್ತಿ ಉಲ್ಟಾ, ಅಲ್ವಾ? ಹೊಸ ಚಿತ್ರಗೀತೆ ಮಾತ್ರ ಕೇಳುವವರು, ಹೀಗೆ ಜೋರು ಸಮ ಮಾಡುವ ನಾರ್ಮಲೈಸೇಶನ್ ಆನ್ ಇಟ್ಟಿರುವವರು ಅರ್ಧ ಇಳಿಸಿದರೆ ನಡೆಯುತ್ತದೆ. ಉಳಿದವರಿಗೆ ನಾನು ಹೇಳುವುದು ಪೂರ್ತಿ ಇಳಿಸಿ ಅಂತಲೇ.

ಲಿಮಿಟರ್‌ಗೆ ಬಿಡುವುದು

ಲಿಮಿಟರ್ ಅಂದರೆ ಕಂಠಕ್ಕೆ ಬಂದ ಹಾಲನ್ನು ಸೌಟಿನಿಂದ ಒತ್ತಿ ಹಿಡಿಯುವ ಕೆಲಸ. ಅಲೆ ಮೇಲೇರಿದ ಕ್ಷಣ ಒಟ್ಟು ಧ್ವನಿಯನ್ನೇ ತಗ್ಗಿಸುತ್ತದೆ. ಆಂಡ್ರಾಯ್ಡ್‌ನ ವೇವ್ಲೆಟ್ ಎಂಬ ಈಕ್ವಲೈಜರ್ ಆಪ್‌ನಲ್ಲಿ ಇದು ಇದೆ. ವಿಂಡೋಸ್‌ನ ಒಳಗೂ ಒಂದು ಲಿಮಿಟರ್ ಇದೆ. ಅದಕ್ಕೇ ವಿಂಡೋಸ್‌ನಲ್ಲಿ ಬೇಸ್ ಜಾಸ್ತಿ ಏರಿಸಿದಾಗ ಪರಪರ ಒಡಕಿಗಿಂತ ಹೆಚ್ಚಾಗಿ ಧ್ವನಿ ಕುಗ್ಗಿದಂತೆ ಕೇಳಿಸುವುದು. ಮೃದಂಗದ ಪ್ರತಿ 'ಗುಂ' ಬಿದ್ದಾಗ ಹಾಡುಗಾರ್ತಿಯ ಧ್ವನಿಯೂ ಜೊತೆಗೆ ತಗ್ಗಿ ಮತ್ತೆ ಏಳುತ್ತದೆ. ತಂಬೂರದ ಶ್ರುತಿಯನ್ನು ಗಮನಿಸಿ ಕೇಳಿದರೆ ಇದು ಚೆನ್ನಾಗಿ ಗೊತ್ತಾಗುತ್ತದೆ, ಯಾಕೆಂದರೆ ಒಂದೇ ಸಮ ಹರಿಯಬೇಕಾದ ನಾದ ಅಲ್ಲಿ ಉಸಿರಾಡಲು ಶುರು ಮಾಡುತ್ತದೆ. ಬಸ್ಸಿನಲ್ಲಿ, ಮೆಟ್ರೋದಲ್ಲಿ ಇದು ತೊಂದರೆ ಕೊಡುವುದಿಲ್ಲ. ಮನೆಯಲ್ಲಿ ಕೂತು ಕೇಳುವಾಗ ನನಗೆ ಬೇಡ. ಪೂರ್ತಿ ಇಳಿಸಿ, ಮೇಲೆ ಲಿಮಿಟರ್ ಅನ್ನು ಕಾವಲಿಗೆ ಮಾತ್ರ ಇಟ್ಟುಕೊಂಡರೆ ತಪ್ಪೇನಿಲ್ಲ.

ಹೋಲಿಸುವಾಗ ಮೋಸ ಹೋಗುವ ಜಾಗ

ಇದನ್ನು ನಿಧಾನವಾಗಿ ಓದಿ. ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇದೇ.

ಎರಡು ಧ್ವನಿಗಳಲ್ಲಿ ಒಂದು ಚೂರು ಜೋರಿದ್ದರೆ ಸಾಕು, ಕಿವಿ ಅದನ್ನೇ 'ಚೆನ್ನಾಗಿದೆ' ಅನ್ನುತ್ತದೆ. ಜೋರು ಅಂತ ಗೊತ್ತೇ ಆಗುವುದಿಲ್ಲ. ತಿಳಿಯಾಗಿದೆ, ತುಂಬಿ ಬರುತ್ತಿದೆ, ಹತ್ತಿರ ಇದೆ ಅಂತ ಅನ್ನಿಸುತ್ತದೆ. ಒಂದು ಡೆಸಿಬಲ್‌ನ ವ್ಯತ್ಯಾಸವೂ ತೀರ್ಪು ಬದಲಿಸಬಲ್ಲದು. ಈಗ ಏನಾಗುತ್ತದೆ ನೋಡಿ. ನೀವು ಶ್ರದ್ಧೆಯಿಂದ ಈಕ್ವಲೈಜರ್ ಹೊಂದಿಸಿ, ಪ್ರಿಆಂಪ್ ಮೈನಸ್ 6 ಇಟ್ಟಿರಿ. ಆಮೇಲೆ ಆನ್, ಆಫ್ ಮಾಡಿ ಹೋಲಿಸಿದಿರಿ. ಆಫ್ ಮಾಡಿದಾಗ ಹಾಡು 6 ಡೆಸಿಬಲ್ ಜೋರಾಗುತ್ತದೆ. "ಅಯ್ಯೋ, ಈಕ್ವಲೈಜರ್ ಹಾಕಿದರೆ ಹಾಡು ಸಪ್ಪೆ ಆಗುತ್ತೆ" ಅನ್ನಿಸುತ್ತದೆ. ಪ್ರಿಆಂಪ್ ಅನ್ನು ಸೊನ್ನೆಗೆ ತರುತ್ತೀರಿ. ಈಗ ಆನ್ ಮಾಡಿದ್ದೇ ಜೋರು, ಅದೇ ಚೆನ್ನ. ಒಡಕು ಅಲ್ಲಿಂದ ಶುರು.

ಸರಿಯಾದ ದಾರಿ ಹೀಗಿದೆ. ಆಫ್ ಮಾಡಿ ಹೋಲಿಸಬೇಡಿ. ಎರಡು ಪ್ರಿಸೆಟ್, ಅಂದರೆ ಉಳಿಸಿಟ್ಟ ಸೆಟ್ಟಿಂಗ್, ಮಾಡಿಕೊಳ್ಳಿ. ಒಂದು ನಿಮ್ಮ ಈಕ್ವಲೈಜರ್. ಇನ್ನೊಂದು ಪೂರ್ತಿ ಫ್ಲಾಟ್, ಆದರೆ ಅದರಲ್ಲೂ ಪ್ರಿಆಂಪ್ ಇಳಿಸಿರಬೇಕು. ಬೇಸ್ 5 ಡೆಸಿಬಲ್ ಏರಿಸಿ ಪ್ರಿಆಂಪ್ ಮೈನಸ್ 6 ಇಟ್ಟ ಪ್ರಿಸೆಟ್‌ಗೆ ಎದುರಾಗಿ ಫ್ಲಾಟ್ ಅನ್ನೂ ಮೈನಸ್ 6ರಲ್ಲೇ ಇಟ್ಟರೆ ಬೇಸ್ ಇರುವ ಕಡೆ ಒಟ್ಟಾರೆ ಸ್ವಲ್ಪ ಜೋರು ಕೇಳಿಸುತ್ತದೆ. ಫ್ಲಾಟ್ ಅನ್ನು ಮೈನಸ್ 5ಕ್ಕೆ ತಂದು ನೋಡಿ, ಬೇಕಿದ್ದರೆ ಅರ್ಧ ಡೆಸಿಬಲ್ ಆಚೀಚೆ ಮಾಡಿ. ಎರಡರಲ್ಲೂ ಹಾಡು ಒಂದೇ ಜೋರು ಅನ್ನಿಸಿದ ಮೇಲೆ ಹೋಲಿಕೆ ಶುರು ಮಾಡಿ. ಒಂದೇ ಹಾಡಿನ ಒಂದೇ 20 ಸೆಕೆಂಡ್ ಭಾಗವನ್ನು ಮತ್ತೆ ಮತ್ತೆ ಕೇಳಿ. ನಾನು ಹೀಗೆ ಮಾಡಲು ಶುರು ಮಾಡಿದ ಮೇಲೆ ನನ್ನ ಹಳೆಯ ಏಳು ಪ್ರಿಸೆಟ್‌ಗಳಲ್ಲಿ ಐದನ್ನು ಅಳಿಸಿದೆ. ಅವುಗಳಲ್ಲಿ ಚೆನ್ನಾಗಿದ್ದದ್ದು ಜೋರು ಒಂದೇ.

ಯಾವ ಥರದ ಈಕ್ವಲೈಜರ್?

ರೆಡಿ ಪ್ರಿಸೆಟ್‌ಗಳು, ಅಂದರೆ ರಾಕ್, ಪಾಪ್, ಕ್ಲಾಸಿಕಲ್ ಇತ್ಯಾದಿ, ನಿಮ್ಮ ಹೆಡ್‌ಫೋನ್ ಯಾವುದು ಅಂತ ತಿಳಿಯದೆ ಮಾಡಿದವು. ಅವುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಐಫೋನ್‌ನ ಮ್ಯೂಸಿಕ್ ಆಪ್‌ನಲ್ಲಿ ಅದು ಬಿಟ್ಟು ಬೇರೆ ದಾರಿ ಇಲ್ಲ, ಪ್ರಿಆಂಪ್ ಸ್ಲೈಡರ್ ಸಹ ಇಲ್ಲ. ಅಲ್ಲಿ ಬೇಸ್ ಬೂಸ್ಟರ್ ಬದಲು ಟ್ರೆಬಲ್ ರೆಡ್ಯೂಸರ್ ಹಾಕಿ ನೋಡಿ. ಮೇಲಿನದು ಇಳಿದಾಗ ಕೆಳಗಿನದು ತಾನಾಗಿ ದಪ್ಪ ಕೇಳಿಸುತ್ತದೆ, ಉಕ್ಕುವ ಭಯವೂ ಇಲ್ಲ.

ಹತ್ತು ಸ್ಲೈಡರ್‌ನ ಗ್ರಾಫಿಕ್ ಈಕ್ವಲೈಜರ್ ನಮಗೆಲ್ಲ ಗೊತ್ತಿರುವುದು. 31, 62, 125, 250, 500 ಹೀಗೆ ಎರಡರಷ್ಟಾಗುತ್ತ 16000 ಹರ್ಟ್ಸ್‌ವರೆಗೆ ಹೋಗುತ್ತದೆ. ಒಂದೊಂದು ಸ್ಲೈಡರ್ ಒಂದೊಂದು ಸ್ಥಾಯಿ. ಕೈಗೆ ಸುಲಭ, ಕಣ್ಣಿಗೆ ಸ್ಪಷ್ಟ. ಆದರೆ ನಿಮ್ಮ ಹೆಡ್‌ಫೋನ್ 5800 ಹರ್ಟ್ಸ್‌ನಲ್ಲಿ ಚುಚ್ಚುತ್ತಿದ್ದರೆ ಅಲ್ಲಿ ಸ್ಲೈಡರ್ ಇಲ್ಲ. 4000 ಮತ್ತು 8000 ಎರಡನ್ನೂ ಇಳಿಸಬೇಕಾಗುತ್ತದೆ, ಜೊತೆಗೆ ಬೇಡದ್ದೂ ಇಳಿಯುತ್ತದೆ.

ಯಾವ ಸ್ಲೈಡರ್ ಎಲ್ಲಿ ತಾಗುತ್ತದೆ ಅನ್ನುವುದಕ್ಕೆ ಒಂದೆರಡು ಗುರುತು ಇಟ್ಟುಕೊಂಡರೆ ಕೆಲಸ ಸುಲಭ. ಗಾಯಕರ ಶ್ರುತಿ ಸಿ ಆದರೆ ಮಧ್ಯ ಷಡ್ಜ ಸುಮಾರು 131 ಹರ್ಟ್ಸ್. ಗಾಯಕಿಯ ಶ್ರುತಿ ಜಿ ಆದರೆ 196. ಹಾಗಾಗಿ 62ರ ಸ್ಲೈಡರ್ ಏರಿಸಿದರೆ ಹಾಡುಗಾರಿಕೆಗೆ ಗಾಂಭೀರ್ಯ ಬರುವುದಿಲ್ಲ, ಅಲ್ಲಿ ಅವರ ಧ್ವನಿಯೇ ಇಲ್ಲ. ಧ್ವನಿಯ ದಪ್ಪ ಇರುವುದು 125, 250ರ ಹತ್ತಿರ. ಅದನ್ನೇ ಜಾಸ್ತಿ ಏರಿಸಿದರೆ ಹಂಡೆಯೊಳಗಿಂದ ಹಾಡಿದಂತಾಗುತ್ತದೆ. ಸ, ಶ, ಚ ಅಕ್ಷರಗಳ ಸಿಳ್ಳು 5000ದಿಂದ 8000ದ ನಡುವೆ. ಹಳೆಯ ಕಪ್ಪುಬಿಳುಪು ಕಾಲದ ಚಿತ್ರಗೀತೆಗಳಲ್ಲಿ 8000ದ ಮೇಲೆ ಹಾಡಿನ ಅಂಶ ತೀರಾ ಕಡಿಮೆ. ಅಲ್ಲಿ 16000 ಏರಿಸಿದರೆ ಸಿಗುವುದು ಟೇಪಿನ ಹಿಸ್ ಸದ್ದು ಮಾತ್ರ.

ಪ್ಯಾರಾಮೆಟ್ರಿಕ್ ಈಕ್ವಲೈಜರ್‌ನಲ್ಲಿ ಜಾಗ, ಎತ್ತರ, ಅಗಲ ಮೂರನ್ನೂ ನೀವೇ ಹೇಳುತ್ತೀರಿ. ಅಗಲಕ್ಕೆ ಕ್ಯೂ ಅನ್ನುತ್ತಾರೆ. ಕ್ಯೂ 1.41 ಅಂದರೆ ಸುಮಾರು ಒಂದು ಸ್ಥಾಯಿ ಅಗಲ. 0.7 ಅಂದರೆ ಇನ್ನೂ ಅಗಲ, 4 ಅಂದರೆ ಸೂಜಿಯಂತೆ. ಕಲಿಯಲು ಒಂದು ಭಾನುವಾರ ಬೇಕು. ಕಲಿತ ಮೇಲೆ ನಾನು ಗ್ರಾಫಿಕ್‌ಗೆ ವಾಪಸ್ ಹೋಗಿಲ್ಲ. ಮೂರೇ ಫಿಲ್ಟರ್‌ನಲ್ಲಿ ಆಗುವ ಕೆಲಸಕ್ಕೆ ಅಲ್ಲಿ ಹತ್ತು ಸ್ಲೈಡರ್ ಎಳೆಯಬೇಕಿತ್ತು.

ನಾಲ್ಕನೆಯದು ಅಳತೆ ಆಧಾರದ ಸೆಟ್ಟಿಂಗ್. ಜಾಕೊ ಪಾಸನೆನ್ ಎಂಬವರು ಮಾಡಿರುವ ಆಟೋಇಕ್ಯೂನಲ್ಲಿ ಸಾವಿರಾರು ಹೆಡ್‌ಫೋನ್‌ಗಳ ಅಳತೆಯಿಂದ ಲೆಕ್ಕ ಹಾಕಿದ ಸೆಟ್ಟಿಂಗ್‌ಗಳು ಪುಕ್ಕಟೆ ಸಿಗುತ್ತವೆ. ವೇವ್ಲೆಟ್ ಒಳಗೇ ಅವು ಇವೆ, ಮಾಡೆಲ್ ಹೆಸರು ಹುಡುಕಿದರೆ ಸಾಕು. ಇವುಗಳಲ್ಲಿ ಹೆಚ್ಚಿನವು ಹರ್ಮನ್ ಗೆರೆಯನ್ನು ಗುರಿಯಾಗಿ ಇಟ್ಟುಕೊಂಡಿವೆ. ಹರ್ಮನ್ ಕಂಪನಿಯಲ್ಲಿ ಶಾನ್ ಆಲಿವ್, ಟಾಡ್ ವೆಲ್ಟಿ ಮತ್ತು ಜೊತೆಗಾರರು 2013ರ ಸುಮಾರಿನಿಂದ ಕೇಳುಗರನ್ನು ಕೂರಿಸಿ ಪರೀಕ್ಷೆ ಮಾಡುತ್ತಾ, ಹೆಚ್ಚಿನವರಿಗೆ ಯಾವ ಧ್ವನಿ ಇಷ್ಟ ಅಂತ ಕಂಡುಕೊಂಡ ಗೆರೆ ಅದು. ಕೆಳಗೆ ಬೇಸ್ ಸ್ವಲ್ಪ ಎತ್ತರ, 3000 ಹರ್ಟ್ಸ್ ಹತ್ತಿರ ಒಂದು ಗುಡ್ಡ. ಆ ಗುಡ್ಡ ಯಾಕೆಂದರೆ ನಮ್ಮ ಕಿವಿಯ ನಾಳವೇ ಆ ಜಾಗದಲ್ಲಿ ಧ್ವನಿಯನ್ನು ಏರಿಸುತ್ತದೆ, ಹೆಡ್‌ಫೋನ್ ಅದನ್ನು ಅನುಕರಿಸಬೇಕು.

ಶುರು ಮಾಡುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಆದರೆ ಎರಡು ಮಾತು ನೆನಪಿರಲಿ. ಪ್ಯಾರಾಮೆಟ್ರಿಕ್ ಫೈಲ್‌ನಲ್ಲಿ ಪ್ರಿಆಂಪ್ ಸಂಖ್ಯೆ ಮೊದಲ ಸಾಲಿನಲ್ಲೇ ಬರೆದಿರುತ್ತದೆ. ಫಿಲ್ಟರ್‌ಗಳನ್ನು ಕೈಯಾರೆ ತುಂಬುವವರು ಆ ಸಾಲನ್ನು ಬಿಟ್ಟುಬಿಡುತ್ತಾರೆ. ಗ್ರಾಫಿಕ್ ಮಾದರಿಯ ಫೈಲ್‌ನಲ್ಲಿ ಗೆರೆಯನ್ನೇ ಸೊನ್ನೆಯ ಕೆಳಗೆ ಇಳಿಸಿ ಕೊಟ್ಟಿರುತ್ತಾರೆ, ಅಲ್ಲಿ ಮತ್ತೆ ಪ್ರಿಆಂಪ್ ಇಳಿಸಿದರೆ ಎರಡು ಸಲ ಇಳಿಸಿದಂತೆ. ಇನ್ನೊಂದು, 8000 ಹರ್ಟ್ಸ್‌ಗಿಂತ ಮೇಲಿನ ಅಳತೆಯನ್ನು ಪೂರ್ತಿ ನಂಬಬೇಡಿ. ಇಯರ್‌ಫೋನ್ ಕಿವಿಯೊಳಗೆ ಎಷ್ಟು ಆಳ ಹೋಗುತ್ತದೆ ಅನ್ನುವುದರ ಮೇಲೆ ಆ ಭಾಗ ಬದಲಾಗುತ್ತದೆ. ನಾನು ಅಲ್ಲಿನ ಏರಿಕೆಗಳನ್ನು ತೆಗೆದುಹಾಕಿ, ಕಿವಿ ಹೇಳಿದಷ್ಟೇ ಇಳಿಸುತ್ತೇನೆ.

ಎಲ್ಲಿ ಹಾಕಬೇಕು?

ಒಂದೇ ಕಡೆ ಹಾಕಿ. ಇಯರ್‌ಬಡ್‌ನ ಆಪ್‌ನಲ್ಲಿ ಒಂದು ಬೇಸ್ ಬೂಸ್ಟ್, ಫೋನ್ ಸೆಟ್ಟಿಂಗ್‌ನಲ್ಲಿ ಇನ್ನೊಂದು, ಹಾಡಿನ ಆಪ್‌ನಲ್ಲಿ ಮತ್ತೊಂದು ಇದ್ದರೆ ಪ್ರಿಆಂಪ್ ಲೆಕ್ಕ ಯಾರಿಗೂ ಸಿಗುವುದಿಲ್ಲ. ಫೋನ್‌ನಲ್ಲಿ ಎಲ್ಲ ಆಪ್‌ಗೂ ತಾಗಬೇಕಾದರೆ ವೇವ್ಲೆಟ್ ಅಥವಾ ಪವರ್‌ಆಂಪ್ ಈಕ್ವಲೈಜರ್, ವಿಂಡೋಸ್‌ನಲ್ಲಿ ಈಕ್ವಲೈಜರ್ ಎಪಿಒ, ಲಿನಕ್ಸ್‌ನಲ್ಲಿ ಈಸಿಎಫೆಕ್ಟ್ಸ್. ವಿಂಡೋಸ್‌ನಲ್ಲಿ ಪ್ಲೇಯರ್ ಎಕ್ಸ್‌ಕ್ಲೂಸಿವ್ ಮೋಡ್ ಅಥವಾ ಎಎಸ್‌ಐಒ ಬಳಸುತ್ತಿದ್ದರೆ ಎಪಿಒ ಕೆಲಸ ಮಾಡುವುದಿಲ್ಲ, ಧ್ವನಿ ಅದನ್ನು ದಾಟಿ ಹೋಗಿಬಿಡುತ್ತದೆ. "ಏನು ಮಾಡಿದರೂ ವ್ಯತ್ಯಾಸವೇ ಇಲ್ಲ" ಅನ್ನುವವರು ಮೊದಲು ಇದನ್ನು ನೋಡಿ.

ಹೆಡ್‌ಫೋನ್ ಸಿಕ್ಕಿಸುವ ಕ್ಯೂಡೆಲಿಕ್ಸ್ 5ಕೆಯಂತಹ ಸಣ್ಣ ಡಬ್ಬಿಗಳಲ್ಲಿ ಈಕ್ವಲೈಜರ್ ಅದರ ಒಳಗೇ ಇರುತ್ತದೆ. ಫೋನ್ ಬದಲಾಯಿಸಿದರೂ, ಲ್ಯಾಪ್‌ಟಾಪ್‌ಗೆ ಹಾಕಿದರೂ ಅದೇ ಸೆಟ್ಟಿಂಗ್. ಎರಡು ಮೂರು ಕಡೆ ಕೇಳುವವರಿಗೆ ಇದು ನೆಮ್ಮದಿ. ಐಫೋನ್ ಇರುವವರಿಗಂತೂ ಇದಕ್ಕಿಂತ ಒಳ್ಳೆಯ ದಾರಿ ನನಗೆ ಸಿಕ್ಕಿಲ್ಲ.

ಒಡಕು ಎಲ್ಲಿಂದ ಬರುತ್ತಿದೆ?

ಒಡಕು ಕೇಳಿಸಿದರೆ ಈಕ್ವಲೈಜರ್ ಹಾಗೇ ಇಟ್ಟು, ಡಾಂಗಲ್ ಅಥವಾ ಆಂಪ್ಲಿಫೈಯರ್‌ನ ಕೊನೆಯ ವಾಲ್ಯೂಮ್ ಅನ್ನು ತುಂಬಾ ಇಳಿಸಿ. ಸದ್ದು ಸಣ್ಣದಾದರೂ ಒಡಕು ಹಾಗೇ ಉಳಿದರೆ ಅದು ಡಿಜಿಟಲ್ ಕ್ಲಿಪ್ಪಿಂಗ್. ತಲೆ ಕತ್ತರಿಸಿದ ಅಲೆಯನ್ನು ಸಣ್ಣದು ಮಾಡಿದರೂ ತಲೆ ವಾಪಸ್ ಬರುವುದಿಲ್ಲ. ಪ್ರಿಆಂಪ್ ಇಳಿಸಿ. ವಾಲ್ಯೂಮ್ ಇಳಿಸಿದ ತಕ್ಷಣ ಒಡಕು ಮಾಯವಾದರೆ ಹೆಡ್‌ಫೋನ್ ಅಥವಾ ಆಂಪ್ಲಿಫೈಯರ್ ತನ್ನ ಮಿತಿ ಮುಟ್ಟಿದೆ. ಆಗ ಪ್ರಿಆಂಪ್‌ನಿಂದ ಪ್ರಯೋಜನವಿಲ್ಲ, ಬೇಸ್ ಏರಿಕೆಯನ್ನೇ ಕಡಿಮೆ ಮಾಡಬೇಕು. ಹಿಂಭಾಗ ತೆರೆದಿರುವ ಹೆಡ್‌ಫೋನ್‌ಗಳಲ್ಲಿ 40 ಹರ್ಟ್ಸ್‌ನ ಕೆಳಗೆ ಬಲವಂತ ಮಾಡಿದರೆ ಹೀಗಾಗುವುದು ಸಹಜ. ಎರಡೂ ಕಡೆ ಇಳಿಸಿದರೂ ಒಡಕು ಹೋಗದಿದ್ದರೆ ಮುದ್ರಣವೇ ಹಾಗಿರಬಹುದು. ಈಕ್ವಲೈಜರ್ ತೆಗೆದು ಕೇಳಿದರೆ ಗೊತ್ತಾಗುತ್ತದೆ.

ರಾತ್ರಿಗೆ ಬೇರೆ, ಹಗಲಿಗೆ ಬೇರೆ

ವಾಲ್ಯೂಮ್ ಕಡಿಮೆಯಾದಾಗ ನಮ್ಮ ಕಿವಿಗೆ ಮೊದಲು ಕಾಣೆಯಾಗುವುದು ಬೇಸ್. ಫ್ಲೆಚರ್ ಮತ್ತು ಮನ್ಸನ್ ಎಂಬ ಸಂಶೋಧಕರು ಇದನ್ನು 1933ರಲ್ಲೇ ಅಳೆದು ತೋರಿಸಿದರು. ಹಾಗಾಗಿ ರಾತ್ರಿ ಎಲ್ಲರೂ ಮಲಗಿದ ಮೇಲೆ ಮೆತ್ತಗೆ ಕೇಳುವಾಗ ಬೇಸ್ ಇನ್ನೂ 3 ಡೆಸಿಬಲ್ ಏರಿಸಿಕೊಳ್ಳುವುದರಲ್ಲಿ ತಪ್ಪಿಲ್ಲ. ಅದನ್ನೇ ಹಗಲು ಬಸ್ಸಿನಲ್ಲಿ ಜೋರಾಗಿ ಕೇಳುವಾಗ ಬಿಟ್ಟರೆ ಬೇಸ್ ಎಲ್ಲವನ್ನೂ ನುಂಗುತ್ತದೆ. ಒಂದೇ ಸೆಟ್ಟಿಂಗ್ ಎರಡಕ್ಕೂ ಹೊಂದುವುದಿಲ್ಲ.

ಪ್ರಿಆಂಪ್ ಇಳಿಸಿದ ಮೇಲೆ ವಾಲ್ಯೂಮ್ ಏರಿಸುವುದು ಅಭ್ಯಾಸವಾಗುತ್ತದೆ. ಆ ಅಭ್ಯಾಸದಲ್ಲಿ ಒಂದು ಅಪಾಯ ಇದೆ. ಈಕ್ವಲೈಜರ್ ಆಫ್ ಆದ ಕ್ಷಣ ಧ್ವನಿ 6, 7 ಡೆಸಿಬಲ್ ಒಮ್ಮೆಲೇ ಹಾರುತ್ತದೆ. ಮೊದಲು ವಾಲ್ಯೂಮ್ ಇಳಿಸಿ, ಆಮೇಲೆ ಆಫ್ ಮಾಡಿ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 80 ಡೆಸಿಬಲ್ ಮಟ್ಟದಲ್ಲಿ ವಾರಕ್ಕೆ 40 ಗಂಟೆ ಕೇಳಬಹುದು. 90ಕ್ಕೆ ಏರಿದರೆ 4 ಗಂಟೆ ಮಾತ್ರ. ಹತ್ತು ಡೆಸಿಬಲ್‌ಗೆ ಹತ್ತರಲ್ಲಿ ಒಂದು ಭಾಗ. ಒಮ್ಮೆ ಹೋದ ಕೇಳುವ ಶಕ್ತಿ ವಾಪಸ್ ಬರುವುದಿಲ್ಲ, ದಯವಿಟ್ಟು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮನೆಯಲ್ಲಿ ಮಕ್ಕಳು ಅದೇ ಫೋನ್ ಬಳಸುತ್ತಿದ್ದರೆ ಈಕ್ವಲೈಜರ್ ಆಫ್ ಮಾಡುವ ಬದಲು ಪ್ರಿಆಂಪ್ ಇಳಿಸಿದ ಫ್ಲಾಟ್ ಪ್ರಿಸೆಟ್‌ಗೆ ಬದಲಾಯಿಸಿ ಕೊಡಿ.

ಈಗ ನನ್ನ ಬಳಿ ಉಳಿದಿರುವುದು ಮೂರು ಪ್ರಿಸೆಟ್. ಹಗಲಿನದರಲ್ಲಿ 105 ಹರ್ಟ್ಸ್ ಲೋ ಶೆಲ್ಫ್ 4 ಡೆಸಿಬಲ್ ಏರಿಕೆ, 200 ಹರ್ಟ್ಸ್‌ನಲ್ಲಿ 2 ಇಳಿಕೆ, 5800ರಲ್ಲಿ ಕ್ಯೂ 3ರೊಂದಿಗೆ 4 ಇಳಿಕೆ, ಪ್ರಿಆಂಪ್ ಮೈನಸ್ 5. ರಾತ್ರಿಯದರಲ್ಲಿ ಶೆಲ್ಫ್ 7, ಪ್ರಿಆಂಪ್ ಮೈನಸ್ 8. ಮೂರನೆಯದು ಹೋಲಿಸಲು ಇಟ್ಟ ಫ್ಲಾಟ್, ಪ್ರಿಆಂಪ್ ಮೈನಸ್ 4.5. ಆ ತನಿ ಆವರ್ತನವನ್ನು ರಾತ್ರಿಯ ಪ್ರಿಸೆಟ್‌ನಲ್ಲಿ ಮತ್ತೆ ಹಾಕಿ ಕೇಳಿದೆ. ಎಡಗೈ ಪೆಟ್ಟಿನ 'ಗುಂ' ಪೂರ್ತಿ ಬಂತು. ಅದು ಮೆಲ್ಲಗೆ ಇಳಿದು ತಂಬೂರದೊಳಗೆ ಸೇರಿಹೋಗುವವರೆಗೂ ಕೇಳಿಸಿತು.